ಕೆಂಪು ಅಂಚಿನ ಕಾರ್ಡು

ಎಡಕ್ಕೆ ಹೊರಳಬೇಕಿತ್ತು, ಹೊರಳಲಿಲ್ಲ, ಸೀದಾ ಹೋಗುತ್ತಿದೆ ಬಸ್ಸು — ಬಲಗಾಲು ತಾನಾಗಿಯೇ ಬ್ರೇಕು ಹುಡುಕಿ ಮುಂದಿನ ಸೀಟಿನ ಕೆಳಗಿದ್ದ ಯಾರದೋ ಚೀಲವನ್ನು ತುಳಿಯಿತು, ಏನ್ರೀ ಕಣ್ಣು ಕಾಣಲ್ವಾ, ಕಾಣುತ್ತೆ ತಾಯಿ, ಮೂವತ್ತೊಂದು ವರ್ಷ ಬಸ್ಸು ಓಡಿಸಿದ ಕಣ್ಣಿದು, ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡ, ಮಾತಾಡಿದರೆ ಕೆಟ್ಟೆ, ಮುಂದಿನ ಬಾಗಿಲ ಪಕ್ಕ ಕೂತಿರುವ ಮಗಳಿಗೆ ಅಪ್ಪನ ದನಿ ಎಂಥ ಗದ್ದಲದಲ್ಲೂ ಗೊತ್ತಾಗುತ್ತದೆ. ಅವನು ಈ ಬಸ್ಸಿನಲ್ಲಿ ಇರಲೇಬಾರದಿತ್ತು. ಸ್ಟಾಪಿನಲ್ಲಿ ಕೈಬೀಸಿ ಮನೆಗೆ ಹೋಗಬೇಕಾದವನು ಹಿಂದಿನ ಬಾಗಿಲಿನಿಂದ ಕಳ್ಳನ ಹಾಗೆ ಹತ್ತಿದ್ದಾನೆ, ಹೆಂಡತಿಯ ಶಾಲನ್ನು ತಲೆಗೆ ಸುತ್ತಿ ಮೂಗಿನ ತನಕ ಇಳಿಸಿಕೊಂಡಿದ್ದಾನೆ, ಈ ಬಿಸಿಲಿನಲ್ಲಿ, ಪಕ್ಕದವನು ಜ್ವರದವನೆಂದು ದೂರ ಸರಿದು ಕೂತಿದ್ದಾನೆ. ಕೇಂದ್ರದ ಮೇಡಂ ಎಷ್ಟು ಸಲ ಹೇಳಿದ್ದರು — ಆಟಿಸಂ ಇರುವ ಮಕ್ಕಳಿಗೆ ಕೆಲಸ ಕಲಿಸುವ ಕೇಂದ್ರ, ಮಕ್ಕಳೆಲ್ಲಿ, ಇವಳಿಗೇ ಇಪ್ಪತ್ತಾರು — ಮೊದಲ ವಾರ ಅವಳ ಪಕ್ಕ ಕೂರಿ, ಎರಡನೇ ವಾರ ನಾಲ್ಕು ಸೀಟು ಹಿಂದೆ, ಮೂರನೇ ವಾರ ಕೊನೇ ಸೀಟು, ಆಮೇಲೆ ನೀವು ಮಾಯ ಆಗ್ಬೇಕು ಅಪ್ಪಾಜಿ. ಮಾಯ ಆಗುವುದನ್ನು ಯಾವ ಕೇಂದ್ರದಲ್ಲಿ ಕಲಿಸುತ್ತಾರೋ, ಅಲ್ಲಿಗೂ ಒಂದು ಅರ್ಜಿ ಹಾಕಬೇಕಿತ್ತು.

ರಸ್ತೆ ಅಗೆದಿದ್ದಾರೆ, ಬಸ್ಸು ಸುತ್ತಿ ಹೋಗುತ್ತೆ, ಎಂದು ಕಂಡಕ್ಟರು ಕೂಗಿದ, ಕೂಗಿದ್ದು ಅವಳಿಗೆ ಕೇಳಿಸಿತೋ ಇಲ್ಲವೋ, ಅವಳ ಕೈಬೆರಳು ನೋಡಬೇಕು, ಏಳು ಸ್ಟಾಪಿಗೆ ಏಳು ಬೆರಳು, ಮೂರು ಮಡಚಿದ್ದಾಳೆ, ನಾಲ್ಕನೆಯದು ಅರ್ಧ ಬಾಗಿ ಅಲ್ಲೇ ನಿಂತಿದೆ, ನಾಲ್ಕನೇ ಸ್ಟಾಪು ಬರುವುದೇ ಇಲ್ಲವಲ್ಲ ನನ್ನ ಗುಬ್ಬಿ, ಯಾರು ಹೇಳಬೇಕು ನಿನಗೆ. ಮೂರು ವರ್ಷದವಳಿದ್ದಾಗ ಇವನ ಬಸ್ಸಿನ ಇಂಜಿನ್ ಡಬ್ಬದ ಮೇಲೆ ಕೂತು ಹರಿದ ಟಿಕೇಟುಗಳನ್ನು ಸಾಲಾಗಿ ಇಡುತ್ತಿದ್ದಳು, ಸಾಲು ಕೆಡಿಸಿದರೆ ಬಸ್ಸಿನ ಗಾಜು ಒಡೆಯುವ ಹಾಗೆ ಕೂಗು, ಹೇಳಿದ ಮಾತು ಕೇಳಿಸಿಕೊಳ್ಳದವಳು ಸ್ಟಾಪುಗಳ ಹೆಸರನ್ನು ಮಾತ್ರ ಕಂಡಕ್ಟರಿಗಿಂತ ಮೊದಲು ಹೇಳುವಳು, ಮುದ್ದು ಜಾಸ್ತಿ ಆಯ್ತು ಭಾವ, ನಾಲ್ಕು ಬಿಗಿದರೆ ಸರಿ ಹೋಗ್ತಾಳೆ, ಎಂದಿದ್ದ ಭಾವಮೈದ, ಊರಿಗೆಲ್ಲ ಬುದ್ಧಿ ಹೇಳುವವನು. ಹೋದ ತಿಂಗಳು ಬಸ್ಸು ಕೆಟ್ಟು ನಿಂತಾಗಲೂ ಅದೇ ಕೂಗು, ಕಿವಿ ಮುಚ್ಚಿಕೊಂಡು ಕಂಬಿಗೆ ಹಣೆ ಬಡಿದುಕೊಂಡಳು, ಇವನು ಓಡಿಹೋಗಿ ಅಪ್ಪಿ ಕೆಳಗಿಳಿಸಿದ, ಮತ್ತೆ ಒಂದನೇ ವಾರದಿಂದ ಶುರು ಮಾಡೋಣ ಎಂದರು ಮೇಡಂ, ಬೈಯಲಿಲ್ಲ, ಬೈದಿದ್ದರೇ ಹಗುರವಾಗುತ್ತಿತ್ತು. ಇವತ್ತು ಒಬ್ಬಳೇ ತಲುಪಿದರೆ ಲಾಂಡ್ರಿಯ ಕೆಲಸ ಖಾಯಂ, ಇಲ್ಲವಾದರೆ ಆ ಜಾಗ ಸಾಲಿನಲ್ಲಿರುವ ಇನ್ನೊಬ್ಬರಿಗೆ. ದುಪ್ಪಟಿಯ ನಾಲ್ಕು ಮೂಲೆ ಅವಳಷ್ಟು ನೇರ ಮಡಚುವವರು ಅಲ್ಲಿ ಯಾರೂ ಇಲ್ಲ, ಲಾಂಡ್ರಿಯ ಯಜಮಾನಿಯೇ ಹೇಳಿದ್ದು. ಗುಟ್ಟಾಗಿ ಸಹಾಯ ಮಾಡಿ ಮುಚ್ಚಿಡೋಣವೆಂದರೆ ಅವಳಿಗೆ ಸುಳ್ಳು ಬರುವುದಿಲ್ಲ, ಅಪ್ಪ ಬಂದ್ರು ಎಂದು ಗೇಟಿನಲ್ಲೇ ಸಾರುತ್ತಾಳೆ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಇದು ಯಾವ ರಸ್ತೆ, ಉದ್ದದ ಗೋಡೆ, ಮುಚ್ಚಿದ ಷಟರುಗಳು, ಮತ್ತೆ ಗೋಡೆ, ಕಣ್ಣು ಕಟ್ಟಿಕೊಂಡೂ ಓಡಿಸಬಲ್ಲೆ ಎಂದು ಡಿಪೋದಲ್ಲಿ ಜಂಬ ಕೊಚ್ಚಿದವನಿಗೆ ಕಣ್ಣು ಬಿಟ್ಟುಕೊಂಡೇ ದಿಕ್ಕು ತಪ್ಪಿದೆ, ಈಗ ಎದ್ದು ಹೋದರೂ ಅವಳಿಗೆ ಏನೆಂದು ಹೇಳುವುದು — ಅವಳು ಕಾರ್ಡು ತೆಗೆದಳು. ಸೊಂಟದ ಪಟ್ಟಿಗೆ ಉಂಗುರ, ಉಂಗುರದಲ್ಲಿ ನಾಲ್ಕು ಕಾರ್ಡು, ಹೆಂಡತಿಯೂ ಮೇಡಮ್ಮೂ ಕೂಡಿ ಕೂತು ಚಿತ್ರ ಬರೆದದ್ದು, ಏನಮ್ಮಾ ಇಸ್ಪೀಟು ಆಡ್ತೀರಾ ಎಂದು ನಕ್ಕಿದ್ದ, ಆಡಿ ನೋಡಿ ನೀವೇ ಸೋಲ್ತೀರಿ ಎಂದಿದ್ದಳು ಹೆಂಡತಿ. ಹಸಿರು ಅಂಚಿನದು, ಕೂತಲ್ಲೇ ಇರು. ಹಳದಿ, ಹತ್ತು ಉಸಿರು ಎಣಿಸು. ನೀಲಿ, ಕಂಡಕ್ಟರನ್ನು ಕೇಳು. ಕೊನೆಯದು ಕೆಂಪು, ಯಾವುದೂ ಆಗದಿದ್ದರೆ ಅಪ್ಪನಿಗೆ ಫೋನು, ಕೆಳಗೆ ಅವನ ನಂಬರು, ಮೇಲೆ ಅವನ ಮುಖ, ಆಲೂಗಡ್ಡೆಯ ಹಾಗೆ, ಮುಖಕ್ಕಿಂತ ದೊಡ್ಡ ಮೀಸೆ. ಹಸಿರು ತಿರುವಿದಳು. ಹಳದಿ, ಬೆನ್ನು ಏರುತ್ತದೆ, ಇಳಿಯುತ್ತದೆ, ಇವನೂ ಜೊತೆಗೆ ಎಣಿಸುತ್ತಿದ್ದಾನೆ, ಆರಕ್ಕೇ ಅವನ ಉಸಿರು ತಪ್ಪಿತು. ಫೋನು ಅವನ ಅಂಗೈಯಲ್ಲಿ ಬೆವರುತ್ತಿದೆ. ನೀಲಿ ತಿರುವಿ ಎದ್ದಳು, ಪಾಠ ಒಪ್ಪಿಸುವ ದನಿಯಲ್ಲಿ, ಬಸ್ಸು ಬೇರೆ ದಾರಿಗೆ ಹೋಗ್ತಾ ಇದೆ, ನಾನು ಲಾಂಡ್ರಿ ಹತ್ರ ಇಳೀಬೇಕು, ಸಹಾಯ ಮಾಡ್ತೀರಾ. ಕಂಡಕ್ಟರು ಚಿಲ್ಲರೆಯಲ್ಲಿ ಮುಳುಗಿದ್ದಾನೆ, ಕೂತ್ಕೊಳಮ್ಮಾ ಮೊದ್ಲು. ಮತ್ತೆ ಅದೇ ಮಾತು, ಒಂದಕ್ಷರ ಹೆಚ್ಚಿಲ್ಲ. ಯಾರೋ ಕಿಸಕ್ಕೆಂದರು. ಅವಳ ಕೈ ಕಿವಿಯ ಕಡೆ ಹೋಯಿತು, ಅವನು ಅರ್ಧ ಎದ್ದಿದ್ದಾನೆ, ಕೆಂಪು ತಿರುವು ಗುಬ್ಬಿ, ಕೆಂಪು ತಿರುವು, ಇಲ್ಲೇ ಇದ್ದೀನಿ — ಛೆ, ಏನು ಬೇಡಿಕೊಳ್ಳುತ್ತಿದ್ದೇನೆ, ಅವಳು ಸೋಲಲಿ ಎಂದೇ, ಎಂಥ ಅಪ್ಪ ನಾನು. ನಾಚಿಕೆಯಾಯಿತು, ಆದರೂ ಕಣ್ಣು ಆ ಮೀಸೆಯನ್ನೇ ಹುಡುಕುತ್ತಿತ್ತು.

ಕಿವಿಯ ತನಕ ಹೋದ ಕೈ ಕೆಳಗಿಳಿದು ನೀಲಿ ಕಾರ್ಡನ್ನು ಕಂಡಕ್ಟರನ ಮೂಗಿಗೇ ಹಿಡಿಯಿತು. ಓದಿದ, ತಲೆಯೆತ್ತಿ ಅವಳನ್ನು ನೋಡಿದ, ಓ ಲಾಂಡ್ರೀನಾ, ನೀರಿನ ಟ್ಯಾಂಕ್ ಹತ್ರ ನಿಲ್ಲಿಸ್ತೀನಿ, ಬಸ್ ಬಂದ ಕಡೆಗೇ ನೂರು ಹೆಜ್ಜೆ ವಾಪಸ್ ನಡೀರಿ, ಗೇಟು ಸಿಗುತ್ತೆ. ಸರಿಯಾಗಿ ನೂರಾ? ಹೆಚ್ಚುಕಮ್ಮಿ ನೂರಮ್ಮ. ಹೆಚ್ಚಾ, ಕಮ್ಮೀನಾ? ಬಸ್ಸೆಲ್ಲ ನಕ್ಕಿತು, ಕಂಡಕ್ಟರೂ ನಕ್ಕ, ಎಣಿಸಿ ನಾಳೆ ನೀವೇ ನನಗೆ ಹೇಳಿ. ನಾಳೆ ಹೇಳ್ತೀನಿ, ಎಂದಳು, ನಾಳೆ, ಅವಳಿಗೊಂದು ನಾಳೆ, ಇದು ಸಂತೋಷವೇ ಇರಬೇಕು, ಸಂತೋಷಕ್ಕೆ ಒಳಗೆಲ್ಲ ಹೀಗೇಕೆ ಖಾಲಿ ಖಾಲಿ. ಬಸ್ಸು ನಿಂತಿತು, ಇಳಿದಳು, ಹಿಂದಕ್ಕೆ ನಡೆಯುತ್ತಾ ಅವನ ಕಿಟಕಿಯ ಕೆಳಗೇ ಬರುತ್ತಿದ್ದಾಳೆ, ನೆಲವನ್ನೇ ನೋಡುತ್ತಾ, ಒಂಬತ್ತು, ಹತ್ತು, ಅವನು ಶಾಲಿನೊಳಗೆ ಮುದುಡಿಕೊಂಡ, ಹನ್ನೊಂದು, ಅಮ್ಮನ ಶಾಲು ಅಪ್ಪನ ತಲೆ ಮೇಲಿದೆ, ಹನ್ನೆರಡು, ಹದಿಮೂರು — ಕಂಡಿದ್ದಳೇ, ಯಾವಾಗ, ಹತ್ತುವಾಗಲೇ, ಎಲ್ಲಾ ಗೊತ್ತಿದ್ದೂ ಒಮ್ಮೆಯೂ ತಿರುಗದೆ — ಶಾಲಿನಣ್ಣಾ, ನೀವೆಲ್ಲಿ ಇಳೀಬೇಕು, ಕಂಡಕ್ಟರು ಕೇಳುತ್ತಿದ್ದಾನೆ, ಎಲ್ಲಿ, ಅವನೆಲ್ಲಿ ಇಳಿಯಬೇಕು, ಬಸ್ಸು ಹೊರಟಿತು, ಫೋನು ಮುಷ್ಟಿಯಲ್ಲಿ ಸುಮ್ಮನಿದೆ, ಅವಳ ಸೊಂಟದಲ್ಲಿ ಉಂಗುರ ಹೆಜ್ಜೆ ಹೆಜ್ಜೆಗೂ ತೂಗುತ್ತಿದೆ, ಹಸಿರು, ಹಳದಿ, ನೀಲಿ, ಎಲ್ಲದರ ಹಿಂದೆ ಆ ದೊಡ್ಡ ಮೀಸೆ, ಕೆಂಪು ಅಂಚು, ತಿರುವದ ಕಾರ್ಡು, ಕೆಂಪು ಅಂಚು —