ಕತ್ತರಿಯಣ್ಣನ ಎಡಗೈ

ನಿಮ್ಮ ಬೀದಿಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಕಾಯಿಲೆ ಹೋಗಿರುತ್ತದೆ, ಮನುಷ್ಯ ಮಾತ್ರ ಕೂತ ಜಾಗ ಬಿಟ್ಟು ಏಳುವುದಿಲ್ಲ. ನಮ್ಮ ಬೀದಿಯಲ್ಲಿ ಅಂಥವರು ಕತ್ತರಿಯಣ್ಣ.

ಕಟಿಂಗ್ ಶಾಪ್ ಇಟ್ಟಿದ್ದವರು. ಕತ್ತರಿಗಿಂತ ಬಾಯಿ ಚುರುಕು. ಅಳುವ ಮಕ್ಕಳನ್ನೂ ನಗಿಸಿ ತಲೆ ಬಗ್ಗಿಸಿಬಿಡುತ್ತಿದ್ದರು. ಹೋದ ವರ್ಷ ಪಾರ್ಶ್ವವಾಯು ಹೊಡೆಯಿತು. ನಡಿಗೆ ಬಂತು, ಮಾತು ಬಂತು, ಬಲಗೈಗೆ ಹಿಡಿತ ಮಾತ್ರ ಬರಲಿಲ್ಲ. ಅಂಗಡಿಗೆ ಬೀಗ ಬಿತ್ತು.

ಅಂದಿನಿಂದ ಕಿಟಕಿ ಪಕ್ಕ ಒಂದು ಕುರ್ಚಿ, ತೊಡೆಯ ಮೇಲೆ ಧರ್ಮಗ್ರಂಥ. ಓದಲಿ, ಬೇಡ ಎಂದವರು ಯಾರು? ಆದರೆ ಇವರು ಅಷ್ಟು ದೊಡ್ಡ ಗ್ರಂಥದಲ್ಲಿ ಹಿಡಿದುಕೊಂಡದ್ದು ಒಂದೇ ಮಾತು: ಎಲ್ಲ ದೇವರಿಗೆ ಬಿಟ್ಟು ಶಾಂತವಾಗಿರು. ಶಾಂತವಾಗಿರುವುದೆಂದರೆ ಕುರ್ಚಿ ಬಿಟ್ಟು ಏಳದಿರುವುದು ಎಂದು ತಾವೇ ಅರ್ಥ ಮಾಡಿಕೊಂಡರು. ವ್ಯಾಯಾಮ ನಿಂತಿತು. ಊಟ ಅರ್ಧವಾಯಿತು. ಕೊನೆಗೆ ಮಾತ್ರೆಯನ್ನೂ ಬೇಡ ಎಂದಾಗ ಅವರ ಹೆಂಡತಿ, ಬೀದಿಗೆಲ್ಲ ಅತ್ತಿಗೆ, ಹೆದರಿ, ಮನೆಮನೆಗೆ ಬರುವ ನರ್ಸಮ್ಮನನ್ನು ಕರೆಸಿದರು.

“ಅಣ್ಣ, ಮಾತ್ರೆ ಬಿಟ್ರೆ ಮತ್ತೆ ಹೊಡೆಯೋ ಅಪಾಯ ಇದೆ. ಗೊತ್ತಿದ್ದೂ ಹೀಗೆ ಮಾಡ್ತೀರಲ್ಲ?”

“ನುಂಗಿ ಏನು ಮಾಡ್ಲಮ್ಮ? ದೇವರು ನನ್ನನ್ನ ಯಾಕೆ ಉಳಿಸಿದ ಅಂತ ಅವನೇ ಹೇಳಲಿ. ಅಲ್ಲೀವರೆಗೂ ಕಾಯ್ತೀನಿ.”

“ಕಾಯ್ತಾರಂತೆ!” ಅಡುಗೆಮನೆಯಿಂದ ಅತ್ತಿಗೆಯ ದನಿ ಬಂತು. “ಅಂಗಡಿ ಬಾಗಿಲು ಹಾಕ್ಕೊಂಡು ಗಿರಾಕಿಗೆ ಕಾದ ಹಾಗಾಯ್ತು!”

ನರ್ಸಮ್ಮ ನಕ್ಕರು. “ನಾನೂ ದಿನಾ ಓದೋಳೇ, ಅಣ್ಣ. ದೇವರು ಕರೆದವರನ್ನ ಒಂದ್ಸಲ ನೆನಪಿಸಿಕೊಳ್ಳಿ. ಒಬ್ಬ ಕುರಿ ಕಾಯ್ತಿದ್ದ, ಒಬ್ಬ ಬಲೆ ಎಳೀತಿದ್ದ, ಒಬ್ಬಳು ನೀರು ಸೇದ್ತಿದ್ದಳು. ಕರೆ ಬಂದಿದ್ದು ಕೆಲಸದ ನಡುವೆ. ಶಾಂತವಾಗಿರು ಅಂದಿದ್ದು ಮನಸ್ಸಿಗೆ, ಕೈಗಲ್ಲ. ಕೈಗೆ ಸಿಕ್ಕಿದ್ದನ್ನ ಮನಸ್ಸಿಟ್ಟು ಮಾಡು, ಮಿಕ್ಕಿದ್ದು ನನಗೆ ಬಿಡು ಅಂತಾನೆ ಅವನು.”

“ಯಾವ ಕೈಗೆ ಸಿಕ್ಕಿದ್ದನ್ನ?” ಕತ್ತರಿಯಣ್ಣ ತಮ್ಮ ಬಲಗೈಯನ್ನು ಎಡಗೈಯಿಂದ ಎತ್ತಿ ತೋರಿಸಿದರು. ಕಣ್ಣು ತುಂಬಿತ್ತು. “ಈ ಕೈಗಾ?”

ನರ್ಸಮ್ಮ ಆ ಕೈಯನ್ನು ಮೆಲ್ಲಗೆ ಕೆಳಗಿಳಿಸಿದರು. ಆಮೇಲೆ ಹೇಳಿದರು: “ಹಿಂದಿನ ಬೀದಿ ಬಡಗಿ ಮೇಸ್ತ್ರಿ ಹಾಸಿಗೆ ಹಿಡಿದಿದ್ದಾರೆ. ಗಡ್ಡ ಬೆಳೆದು ಒಳಗೆ ಕೆರೆತ ಶುರುವಾಗಿದೆ. ಮಗಳು ರೇಜರ್ ತಂದ್ರೆ ಕಿರುಚ್ತಾರೆ. ನಿಮ್ಮ ಹಳೇ ಗಿರಾಕಿ ಅಲ್ವಾ? ಬಂದು ಪಕ್ಕದಲ್ಲಿ ಕೂತ್ಕೊಳ್ಳಿ, ಸಾಕು.”

ಹೋದರು. ಮನಸ್ಸಿದ್ದು ಹೋದದ್ದಲ್ಲ. ಅತ್ತಿಗೆ ಚಪ್ಪಲಿ ತಂದು ಕಾಲ ಮುಂದಿಟ್ಟು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು, ಅದಕ್ಕೆ.

ಅಲ್ಲಿ ಮೇಸ್ತ್ರಿ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ್ದರು. ಮಗಳು ನೊರೆ ಹಚ್ಚಿ ರೇಜರ್ ಇಟ್ಟಳು. ಅವರು ಕೂಗಿಕೊಂಡರು. ಮತ್ತೆ ಇಟ್ಟಳು, ಮತ್ತೆ ಕೂಗು. ಕತ್ತರಿಯಣ್ಣನಿಗೆ ತಡೆಯಲಾಗಲಿಲ್ಲ.

“ಅಯ್ಯೋ ತಾಯಿ, ಚರ್ಮ ಎಳೆದು ಹಿಡೀದೆ ರೇಜರ್ ಇಟ್ಟರೆ ಯಾರಾದ್ರೂ ಕಿರುಚ್ತಾರೆ!”

ಎದ್ದೇಬಿಟ್ಟರು. ಎಡಗೈ ತಾನಾಗಿಯೇ ಹೋಗಿ ಮೇಸ್ತ್ರಿಯ ದವಡೆಯ ಕೆಳಗೆ ಕೂತಿತು. ಹೆಬ್ಬೆರಳು ಕೆನ್ನೆಯ ಚರ್ಮವನ್ನು ಮೆಲ್ಲಗೆ ಬಿಗಿ ಮಾಡಿತು.

“ಏನ್ ಮೇಸ್ತ್ರಿ, ಇದೆಂಥ ಗಡ್ಡ! ನನ್ನ ರೇಜರ್ ಸಾಲದು, ನಿಮ್ಮ ಗರಗಸನೇ ತರಿಸ್ಲಾ?”

ಮೇಸ್ತ್ರಿ ಮುಖ ಇತ್ತ ತಿರುಗಿಸಿದರು. ತುಟಿಯ ಅಂಚಿನಲ್ಲಿ ನಗು ಕಂಡಿತು. ಕತ್ತರಿಯಣ್ಣ ಮೇಸ್ತ್ರಿಯ ಮಗಳಿಗೆ ಹೇಳಿದರು: “ಹಾಂ ಮಗಳೇ, ಈಗ ಎಳಿ. ಕೂದಲು ಮಲಗಿರೋ ಕಡೆಗೇ. ನಿಧಾನ.”

ಕ್ಷೌರ ಮುಗಿದಾಗ ಮೇಸ್ತ್ರಿ ತಮ್ಮ ಕೆನ್ನೆ ಸವರಿಕೊಂಡರು. ಆಮೇಲೆ ಕತ್ತರಿಯಣ್ಣನ ಎಡಗೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ವಾಪಸು ಬರುವ ದಾರಿಯಲ್ಲಿ ಕತ್ತರಿಯಣ್ಣ ಜೊತೆಗೆ ಬಂದಿದ್ದ ಹೆಂಡತಿಗೆ ಹೇಳಿದರು: “ಬಲಗೈ ಬರೀ ಕೆರೆಯೋದು ಕಣೇ. ಗಿರಾಕಿಗೆ ಧೈರ್ಯ ಕೊಡೋದು ಎಡಗೈ. ಇಷ್ಟು ವರ್ಷ ಮಾಡಿದೀನಿ, ನನಗೇ ಹೊಳೀಲಿಲ್ಲ ನೋಡು.”

“ಹೊಳೆಯೋಕೆ ಕುರ್ಚಿ ಬಿಟ್ಟು ಏಳಬೇಕಿತ್ತು” ಎಂದರು ಅತ್ತಿಗೆ.

ಮನೆಗೆ ಬಂದವರೇ ಕೈ ಚಾಚಿದರು. “ಮಾತ್ರೆ ಕೊಡು. ಮುಂದಿನ ವಾರ ಮೇಸ್ತ್ರಿ ಕಾಯ್ತಿರ್ತಾರೆ.” ಅತ್ತಿಗೆ ನೀರು ತರುವ ನೆಪದಲ್ಲಿ ಒಳಗೆ ಹೋಗಿ ಕಣ್ಣೊರೆಸಿಕೊಂಡರು.

ಕತ್ತರಿಯಣ್ಣನ ಬಲಗೈ ಇಂದಿಗೂ ಸರಿಯಾಗಿಲ್ಲ. ಆದರೆ ಹಾಸಿಗೆ ಹಿಡಿದವರಿರುವ ಮನೆಗಳಿಗೆ ನರ್ಸಮ್ಮನ ಜೊತೆ ಹೋಗುತ್ತಾರೆ, ಮನೆಯವರಿಗೆ ಕ್ಷೌರ ಕಲಿಸುತ್ತಾರೆ. ಸಂಜೆ ಅದೇ ಕುರ್ಚಿಯಲ್ಲಿ ಕೂತು ಅದೇ ಗ್ರಂಥ ಓದುತ್ತಾರೆ. ಈಗ ಪುಟ ಮುಂದಕ್ಕೆ ಹೋಗುತ್ತಿದೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಕಿಟಕಿ ಪಕ್ಕ ಯಾರು ಕೂತಿದ್ದಾರೆ? ನೀವೇ ಇರಬಹುದು. ಗ್ರಂಥ ಓದಿ, ಪ್ರಾರ್ಥನೆ ಮಾಡಿ, ಮಾತ್ರೆ ತಪ್ಪಿಸಬೇಡಿ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬನ್ನಿ. ದೇವರು ನಿಮ್ಮನ್ನು ಯಾಕೆ ಉಳಿಸಿದ ಎಂಬುದಕ್ಕೆ ಉತ್ತರ ಹಿಂದಿನ ಬೀದಿಯಲ್ಲೇ ಗಡ್ಡ ಬಿಟ್ಟುಕೊಂಡು ಮಲಗಿರಬಹುದು.