ಯಾವ ಕಡೆಗೆ

"ರತ್ನಾಕರ ಸರ್ ಯಾರ ಜೊತೆ ನಿಲ್ತಾರೆ? ಹನ್ನೆರಡಕ್ಕೆ ನಾಮಪತ್ರ ಕ್ಲೋಸ್ ಮಾರಾಯ್ರೆ," ಎಂದು ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಯಾರೋ ಬರೆದಾಗ ರತ್ನಾಕರ ಸತ್ತು ಮೂರು ಗಂಟೆ ಕಳೆದಿತ್ತು. ಅದು ಗೊತ್ತಿದ್ದದ್ದು ಮಲೇಷ್ಯಾದ ಪುಚೊಂಗಿನ ಫ್ಲ್ಯಾಟಿನಲ್ಲಿ ಊಟದ ಮೇಜಿನ ಮುಂದೆ ಕೂತಿದ್ದ ಅವನ ಹೆಂಡತಿ ಗುಲಾಬಿಗೆ ಮಾತ್ರ.

ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಯ ಕೋವಿಡ್ ವಾರ್ಡಿನಿಂದ ಫೋನ್ ಬಂದಿತ್ತು. ಡಾಕ್ಟರು ಹೇಳಿದ್ದಕ್ಕೆಲ್ಲ ಅವಳು ಓಕೆ, ಓಕೆ ಎಂದಳು. ಮಧ್ಯಾಹ್ನ ಮೂರಕ್ಕೆ ಬರಬೇಕು, ಇಬ್ಬರೇ ಬರಬೇಕು, ಮುಖವನ್ನು ದೂರದಿಂದ ನೋಡಬಹುದು. ಫೋನಿಟ್ಟು, ಹೊರಗಿದ್ದ ದೋಸೆ ಹಿಟ್ಟನ್ನು ಫ್ರಿಜ್ಜಿಗೆ ಸೇರಿಸಿದಳು. ಅಳು ಬರಲಿಲ್ಲ. ಬರಬೇಕಿತ್ತಲ್ಲ ಅನಿಸಿತು, ಅಷ್ಟೇ. ಜೋಮು ಹಿಡಿದ ಕಾಲಿನ ಹಾಗೆ ಮೈಯೆಲ್ಲ ತನ್ನದೇ ಆದರೂ ತನ್ನದಲ್ಲ. ಕೋಣೆಯೊಳಗೆ ಮಗಳು ಶ್ರೀಯಾ ಕ್ಯಾಮೆರಾದ ಮುಂದೆ ಪರೀಕ್ಷೆ ಬರೆಯುತ್ತಿದ್ದಳು. ಎರಡು ವರ್ಷ ಇದಕ್ಕಾಗಿಯೇ ಒದ್ದಾಡಿದ ಹುಡುಗಿ. ಹನ್ನೆರಡಕ್ಕೆ ಮುಗಿಯುತ್ತದೆ, ಅಲ್ಲಿಯವರೆಗೆ ಹೇಳುವುದಿಲ್ಲ ಎಂದು ಗುಲಾಬಿ ಆಗಲೇ ತೀರ್ಮಾನಿಸಿದ್ದಳು.

ಗುಂಪು ಸುಮ್ಮನಿರಬೇಕಲ್ಲ. ಇನ್ನೂರು ಮನೆಯ ಸಂಘಕ್ಕೆ ಅಮೆರಿಕದ ಗತ್ತು: ಅಧ್ಯಕ್ಷರು, ಉಪಾಧ್ಯಕ್ಷರು ಜೋಡಿಯಾಗಿಯೇ ಚುನಾವಣೆಗೆ ನಿಲ್ಲಬೇಕೆಂದು ಯಾವನೋ ಪುಣ್ಯಾತ್ಮ ನಿಯಮ ಬರೆದಿಟ್ಟಿದ್ದ. ಈ ಸಲ ಕ್ಲಾಂಗ್ ಬಂದರಿನಲ್ಲಿ ಕೆಲಸ ಮಾಡುವ ಸ್ಟ್ಯಾನ್ಲಿ ಒಂದು ಕಡೆ, ಬ್ರಿಕ್‌ಫೀಲ್ಡ್ಸಿನ ಸೀರೆ ಅಂಗಡಿಯ ನರಹರಿ ಇನ್ನೊಂದು ಕಡೆ. ಮೆಡಿಕಲ್ ಕಾಲೇಜಿನ ಮೇಷ್ಟ್ರು ರತ್ನಾಕರ ಯಾರ ಜೋಡಿಯಾದರೆ ಅವರೇ ಗೆದ್ದ ಹಾಗೆ. ಲಾಕ್‌ಡೌನಿನಲ್ಲಿ ಕೂತ ಜನಕ್ಕೆ ಬೇರೆ ಕೆಲಸವಿರಲಿಲ್ಲ, ಎರಡು ವಾರದಿಂದ ಇದೇ ಮಾತು. ಮೊನ್ನೆ ಹಾಸಿಗೆಯಿಂದ ರತ್ನಾಕರ ಹೆಬ್ಬೆರಳೆತ್ತಿದ ಚಿತ್ರ ಕಳಿಸಿದ್ದೇ ತಪ್ಪಾಯಿತು. ಅವರು ಹುಷಾರಾದರು ಎಂದು ಎಲ್ಲರೂ ನಂಬಿದರು. ಹೆಬ್ಬೆರಳು ಯಾರಿಗೆ ಎತ್ತಿದ್ದು ಎಂದು ಮತ್ತೆ ಚರ್ಚೆ ಶುರುವಾಯಿತು.

"ಗುಲಾಬಿ, ನೀವಾದ್ರೂ ಹೇಳಿ. ಸರ್ ಏನಂದ್ರು?" ಸಂಘದ ಕಾರ್ಯದರ್ಶಿ ಭಾನುಮತಿ ಕೇಳಿದಳು. ಹಿಂದೆಯೇ ಇನ್ನೂ ನಾಲ್ಕು ಜನ.

ಗುಲಾಬಿಗೆ ರೇಗಿತು. ಸತ್ತರು ಎಂದು ಬರೆಯಲು ಬೆರಳು ಏಳಲಿಲ್ಲ. ಊರಲ್ಲಿ ಅಮ್ಮ ಹೇಳುತ್ತಿದ್ದ ಹಾಗೆ ಬರೆದಳು: "ಅವರು ಹೋದರು."

ಕಳಿಸಿದ ಮೇಲೆ, ಶ್ರೀಯಾಳೂ ಈ ಗುಂಪಿನಲ್ಲಿದ್ದಾಳೆ ಎಂಬುದು ನೆನಪಾಯಿತು. ಅಳಿಸುವಷ್ಟರಲ್ಲಿ ಉತ್ತರ ಬಂತು.

"ಹೋದ್ರಾ? ಯಾವ ಕಡೆಗೆ?"

"ಮತ್ತೆಲ್ಲಿಗೆ, ನರಹರಿ ಕಡೆಗೆ! ನಾನು ಹೇಳಿರ್ಲಿಲ್ವಾ?"

ಅಭಿನಂದನೆಗಳು ಸಾಲುಗಟ್ಟಿದವು. ತನಗೇ ಗೊತ್ತಿಲ್ಲದ ಸುದ್ದಿಗೆ ನರಹರಿ ಕೈಮುಗಿದ ಚಿತ್ರ ಹಾಕಿದ. ಗುಲಾಬಿ ಅಳಿಸಲಿಲ್ಲ.

ಸ್ಟ್ಯಾನ್ಲಿಯ ಫೋನ್ ಬಂತು. "ಅಕ್ಕಾ, ಇದೆಂತ? ಸರ್ ನನಗೆ ಮಾತು ಕೊಟ್ಟಿದ್ರು. ಹೋಗುದಾದ್ರೆ ಒಂದು ಮಾತು ಹೇಳಿ ಹೋಗ್ಬಹುದಿತ್ತಲ್ಲ?"

"ನನಗೂ ಹೇಳ್ಲಿಲ್ಲ, ಸ್ಟ್ಯಾನ್ಲಿ," ಗುಲಾಬಿ ಪಿಸುಗುಟ್ಟಿದಳು. "ಬೆಳಿಗ್ಗೆ ಆಸ್ಪತ್ರೆಯಿಂದ ಫೋನ್ ಬಂತು. ಅವ್ರು ಇನ್ನಿಲ್ಲ."

ಆ ಕಡೆ ಲಾರಿಯೊಂದು ಹಿಂದಕ್ಕೆ ಸರಿಯುವ ಸದ್ದು ಕೇಳಿಸುತ್ತಿತ್ತು. ಅದರ ನಡುವೆ ಸ್ಟ್ಯಾನ್ಲಿ ಬಿಕ್ಕಿದ. ತನಗೆ ಬಾರದ ಅಳು ಇವನಿಗೆ ಇಷ್ಟು ಸುಲಭವಾಗಿ ಬಂತಲ್ಲ ಎಂದು ಗುಲಾಬಿಗೆ ಅಸೂಯೆಯಾಯಿತು.

"ಗ್ರೂಪಿಗೆ ನಾನು ಹಾಕ್ತೇನೆ, ಅಕ್ಕಾ. ಈ ಜನ..."

"ಹನ್ನೆರಡರವರೆಗೆ ಬೇಡ. ಶ್ರೀಯಾಗೆ ಪರೀಕ್ಷೆ ಉಂಟು."

"ಅಷ್ಟೊತ್ತು ಇವರೆಲ್ಲ ಹೀಗೇ ಮಾತಾಡ್ಲಿಕ್ಕೆ ಬಿಡುದಾ?"

"ಮಾತಾಡ್ಲಿ."

ಹನ್ನೆರಡು ಹೊಡೆದು ಸ್ವಲ್ಪ ಹೊತ್ತಿಗೆ ಕೋಣೆಯ ಬಾಗಿಲು ತೆರೆಯಿತು. ಶ್ರೀಯಾ ಫೋನ್ ನೋಡುತ್ತಲೇ ಬಂದಳು.

"ಪೇಪರ್ ಓಕೆ ಲಾ," ಎಂದು ನಕ್ಕಳು. "ಬಟ್ ಗ್ರೂಪ್ ಈಸ್ ಕ್ರೇಜಿ! ಅಮ್ಮಾ, ಡಿಡ್ ಅಪ್ಪ ರಿಯಲಿ ಗೋ?"

ಗುಲಾಬಿ ಪಕ್ಕದ ಕುರ್ಚಿಯನ್ನು ಹಿಂದಕ್ಕೆ ಎಳೆದಳು. ಶ್ರೀಯಾ ಕೂರಲಿಲ್ಲ. ತಾಯಿಯ ಮುಖ ನೋಡುತ್ತ, ತನ್ನ ನಗುವನ್ನು ಎಲ್ಲಿಡಬೇಕೆಂದು ತಿಳಿಯದವಳ ಹಾಗೆ ನಿಂತಳು.