ಕೆಳಗಿನಿಂದ ಮೇಲಕ್ಕೆ ಓದುವವರು

ಆಕೆ ನಡೆಯುವಾಗ ಬಲಗೈಯ ತೋರುಬೆರಳು ಗೋಡೆಯನ್ನು ಸವರುತ್ತಲೇ ಇರುತ್ತಿತ್ತು. ದೃಷ್ಟಿ ಮಂದವಾಗಿತ್ತೆಂದಲ್ಲ, ಇಪ್ಪತ್ತಾರು ವರ್ಷ ಪಟ್ಟಿಗಳ ಸಾಲುಸಾಲಿನ ಮೇಲೂ ಬೆರಳಿಟ್ಟು ಓದಿದವರಿಗೆ, ಬೆರಳೂರಲು ಏನೂ ಇಲ್ಲದ ಬಯಲು ಅಭದ್ರವೆನಿಸುತ್ತದೋ ಏನೋ. ಬೂದುಬಣ್ಣದ ಕೋಟು, ಅದರ ಮೂರನೆಯ ಗುಂಡಿ ಮಾತ್ರ ಕೆಂಪು, ಜೇಬಿನಲ್ಲಿ ಉಕ್ಕಿನ ಅಡಿಪಟ್ಟಿ, ನಾಲಿಗೆಯ ತುದಿಯಲ್ಲಿ ಸದಾ ಒಂದೇ ಮಾತು: “ಇನ್ನೊಮ್ಮೆ ನೋಡ್ಬಿಡೋಣ.” ಬಸ್ಸು ತಯಾರಿಸುವ ಆ ಕಾರ್ಖಾನೆಯಲ್ಲಿ ಆಕೆಯ ನಿಜವಾದ ಹೆಸರು ಸಂಬಳದ ಚೀಟಿಗಷ್ಟೇ ಬೇಕಾಗುತ್ತಿತ್ತು; ಉಳಿದೆಲ್ಲರಿಗೂ ಆಕೆ ‘ಇನ್ನೊಮ್ಮೆ ಮೇಡಂ’. ಆ ಹೆಸರಿಟ್ಟ ಪುಣ್ಯಾತ್ಮ ಅಲ್ಲಿನ ಪರೀಕ್ಷಾ ಚಾಲಕ. ಆಕೆಯ ಕಾಟವನ್ನು ಎಲ್ಲರಿಗಿಂತ ಹೆಚ್ಚು ಉಂಡವನೂ ಅವನೇ.

ಹೊಸ ಬಸ್ಸಿನ ಹೊಟ್ಟೆಯೊಳಗೆ ಬ್ರೇಕು, ಎಂಜಿನ್ನು, ಬಾಗಿಲು, ದೀಪ ಎಲ್ಲವೂ ಒಂದೇ ಜೋಡಿ ತಂತಿಯ ಮೇಲೆ ಪರಸ್ಪರ ಮಾತಾಡಿಕೊಳ್ಳುತ್ತವೆ; ಆಡುವುದೆಲ್ಲ ಬರೀ ಅಂಕಿ. ಯಾವ ಅಂಕಿ ಯಾರದು, ಎಲ್ಲಿ ಆರಂಭ, ಎಷ್ಟು ಉದ್ದ, ಯಾವ ತುದಿಯಿಂದ ಓದಬೇಕು ಎಂಬುದನ್ನು ತಿಳಿಸುವ ಪಟ್ಟಿಯನ್ನು, ಅಂದರೆ ಡೇಟಾಬೇಸನ್ನು, ತಂತ್ರಾಂಶದಲ್ಲಿ ಹೊಂದಿಸುವುದು ಆಕೆಯ ಕೆಲಸ. ತುದಿ ತಪ್ಪಿದರೆ ಹದಿನೇಳು ಎಪ್ಪತ್ತೊಂದಾಗಿ ಕೂರುತ್ತದೆ. ಆದ್ದರಿಂದ ಆಕೆ ಪರದೆಯ ಮೇಲಿನ ಪಟ್ಟಿಯನ್ನು ಕಡೆಯ ಸಾಲಿನಿಂದ ಮೊದಲ ಸಾಲಿನವರೆಗೆ, ಕೆಳಗಿನಿಂದ ಮೇಲಕ್ಕೆ, ಗಟ್ಟಿಯಾಗಿ ಓದುತ್ತಿದ್ದರು. ಚಾಲಕ ಎದುರಿಗೆ ಕುಳಿತು, ಬಿಡಿಭಾಗ ತಯಾರಿಸಿದವರು ಕಳಿಸಿದ ಹಾಳೆಯ ಮೇಲೆ ಬೆರಳಿಟ್ಟು, ಪ್ರತಿ ಸಾಲಿಗೂ “ಸರಿ” ಎನ್ನಬೇಕು. ಇಂಜಿನಿಯರುಗಳನ್ನು ಕೂರಿಸಿಕೊಳ್ಳಬಾರದೇ ಎಂದು ಅವನು ಗೋಗರೆದದ್ದುಂಟು. “ಅವರಿಗೆ ಅರ್ಥ ಗೊತ್ತು, ಇರಬೇಕಾದ್ದನ್ನ ಓದ್ತಾರೆ. ನಿಮಗೆ ಗೊತ್ತಿಲ್ಲ, ಇರೋದನ್ನ ಓದ್ತೀರಿ,” ಎಂದಿದ್ದರು. ಇದು ಹೊಗಳಿಕೆಯೋ ತೆಗಳಿಕೆಯೋ ಎಂಬುದು ಅವನಿಗೆ ಬಹುಕಾಲ ಬಗೆಹರಿಯಲಿಲ್ಲ.

ಬಸ್ಸು ಕೊಳ್ಳುವ ಅತಿಥಿಗಳು ಪರೀಕ್ಷೆ ನೋಡಲು ಬಂದ ದಿನ ಪಟ್ಟಿಯಲ್ಲಿ ಇನ್ನೂರ ಹದಿನಾಲ್ಕು ಸಾಲುಗಳಿದ್ದವು. ವಿಭಾಗದ ಮುಖ್ಯಸ್ಥ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದ. ಚಾಲಕನಿಗೂ ಕಾಲು ನಿಲ್ಲುತ್ತಿರಲಿಲ್ಲ. ನಾಲ್ಕಕ್ಕೆ ಮಗಳ ಈಜು ಸ್ಪರ್ಧೆ, ಬಂದೇ ಬರುತ್ತೇನೆಂದು ಮಾತು ಕೊಟ್ಟಿದ್ದ. ಎಂಬತ್ತೆಂಟನೆಯ ಸಾಲು ಮುಗಿದು ಪುಟ ತಿರುವುವಾಗ ಎರಡು ಹಾಳೆ ಅಂಟಿಕೊಂಡು ಬಂದವು. ಬಿಡಿಸಲು ಉಗುರು ಹಾಕಿದ, ಬಿಡಲಿಲ್ಲ. ಆಕೆ ಓದುತ್ತ ಹೋದರು, ಅವನು ಹಾಳೆ ನೋಡದೆಯೇ ಹನ್ನೆರಡು ಸಲ “ಸರಿ” ಎಂದುಬಿಟ್ಟ.

ಓದು ಮುಗಿದಾಗ ಆಕೆ ಕನ್ನಡಕ ತೆಗೆದು ಕೇಳಿದರು. “ಎಲ್ಲಾ ಸಾಲಿನ ಮೇಲೂ ಬೆರಳಿಟ್ರಾ?”

“ಇಟ್ಟೆ ಮೇಡಂ.”

ಪ್ರಪಂಚದ ಪ್ರತಿಯೊಂದನ್ನೂ ಇನ್ನೊಮ್ಮೆ ನೋಡುವ ಆ ಹೆಂಗಸು ಅವನ ಈ ಮಾತನ್ನು ಮಾತ್ರ ಇನ್ನೊಮ್ಮೆ ನೋಡಲಿಲ್ಲ, ಸಹಿ ಹಾಕಿಬಿಟ್ಟರು. ಅದೇ ಅವನಿಗೆ ಮುಳ್ಳಾಯಿತು.

ಪರೀಕ್ಷೆ ಸರಳವಾಗಿತ್ತು. ಅರವತ್ತರ ವೇಗದಲ್ಲಿ ಹೋಗಬೇಕು, ದಾರಿಗಡ್ಡ ಒಂದು ಗೋಡೆ ನಿಲ್ಲಿಸಿರುತ್ತಾರೆ, ಚಾಲಕ ಬ್ರೇಕು ಮುಟ್ಟಬಾರದು. ಬಸ್ಸು ತಾನೇ ನಿಲ್ಲಬೇಕು. ಕಡೆಗಳಿಗೆಯಲ್ಲಿ ಅತಿಥಿಗಳು ತಾವೂ ಬಸ್ಸಿನೊಳಗೇ ಕೂರುತ್ತೇವೆಂದು ಹಟ ಹಿಡಿದರು. ಏಳು ಜನ ಹತ್ತಿದರು. ಚಾಲಕನ ಬೆನ್ನಿಗೇ ಕುಳಿತ ವೃದ್ಧರೊಬ್ಬರು ಊರುಗೋಲನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡು ನಕ್ಕರು. “ನೀವು ಕಾಲಿಡೋ ಹಾಗಿಲ್ಲ ಅಲ್ವೇ? ನಾನು ನೋಡ್ತಾನೇ ಇರ್ತೀನಿ.”

ನಿಂತ ಬಸ್ಸಿನಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಸೊನ್ನೆಯನ್ನು ಯಾವ ತುದಿಯಿಂದ ಓದಿದರೂ ಸೊನ್ನೆಯೇ ತಾನೇ. ಹೊರಡುವ ಸೂಚನೆ ಬಂತು. ಹೇಳಿದರೆ ಕೆಲಸ ಹೋಗಬಹುದು, ಮಾನವಂತೂ ಹೋದಂತೆಯೇ. ಹೇಳದಿದ್ದರೆ ಬಹುಶಃ ಏನೂ ಆಗದು. ‘ಬಹುಶಃ’ ಎಂದುಕೊಳ್ಳುತ್ತಲೇ ಕನ್ನಡಿಯಲ್ಲಿ ಬೆನ್ನ ಹಿಂದಿನ ಏಳು ಮುಖಗಳನ್ನು ನೋಡಿದ. ವೈರ್‌ಲೆಸ್ಸಿನ ಗುಂಡಿ ಒತ್ತಿದ.

“ಮೇಡಂ, ಹನ್ನೆರಡು ಸಾಲು ನಾನು ನೋಡಿಲ್ಲ. ಸುಳ್ಳೇ ಸರಿ ಅಂದೆ.”

ನಿಯಂತ್ರಣ ಕೋಣೆಯಲ್ಲಿ ಎಲ್ಲರಿಗೂ ಅದು ಕೇಳಿಸಿತು. ಮುಖ್ಯಸ್ಥನ ಕೂಗು ವೈರ್‌ಲೆಸ್ಸಿನಲ್ಲಿ ಒಡೆದು ಬಂತು, ಅದರ ಹಿಂದೆಯೇ ಆಕೆಯ ಧ್ವನಿ, ಎಂದಿನಂತೆ ಏರಿಳಿತವಿಲ್ಲದ್ದು: “ಗಾಡಿ ಆಫ್ ಮಾಡಿ. ಹಾಳೆ ತಗೊಂಡು ಬನ್ನಿ.”

“ಆ ಹನ್ನೆರಡು ನೋಡಿ ಸಾಕು! ಜನ ಕಾಯ್ತಿದ್ದಾರೆ!” ಎಂದ ಮುಖ್ಯಸ್ಥ.

“ಇವರ ಬೆರಳು ಎಲ್ಲಿ ತಪ್ಪಿತು ಅಂತ ಇವರಿಗೆ ಗೊತ್ತು. ನನ್ನ ಕಣ್ಣು ಎಲ್ಲಿ ತಪ್ಪಿದೆ ಅಂತ ನನಗೆ ಗೊತ್ತಿಲ್ಲ,” ಎಂದು ಆಕೆ ಇನ್ನೂರ ಹದಿನಾಲ್ಕರಿಂದಲೇ ಮತ್ತೆ ಆರಂಭಿಸಿದರು. ಅಂಟಿದ ಹಾಳೆಯನ್ನು ಅಡಿಪಟ್ಟಿಯ ಅಂಚಿನಿಂದ ತಾವೇ ಬಿಡಿಸಿಕೊಟ್ಟರು. ಅತಿಥಿಗಳು ಗಾಜಿನಾಚೆ ನಿಂತು ನೋಡುತ್ತಿದ್ದರು. ಕೋಣೆಯಲ್ಲಿ ಆಕೆಯ ಓದು, ಅವನ “ಸರಿ”, ಇವೆರಡರ ಹೊರತು ಸದ್ದಿಲ್ಲ. ಎಂಬತ್ತೊಂದನೆಯ ಸಾಲಿಗೆ ಅವನ ಬಾಯಿಂದ “ಸರಿ” ಹೊರಡಲಿಲ್ಲ.

“ಮೇಡಂ... ಇಲ್ಲಿ ಬೇರೆ ಇದೆ.”

ಅದು ಬ್ರೇಕಿನ ಒತ್ತಡದ ಸಾಲು. ತಯಾರಕರು ಈ ಸಲ ಓದುವ ತುದಿಯನ್ನು ಬದಲಿಸಿದ್ದರು. ಆಕೆ ಹಳೆಯ ರೂಢಿಯಂತೆ ಹಳೆಯದನ್ನೇ ತುಂಬಿದ್ದರು. ಹೀಗೇ ಹೊರಟಿದ್ದರೆ ಬಸ್ಸು ಚೂರು ಒತ್ತಡವನ್ನೇ ಪೂರ್ತಿ ಒತ್ತಡವೆಂದು ತಿಳಿದು, ಬ್ರೇಕು ಆಗಲೇ ಬಿದ್ದಿದೆಯಲ್ಲ ಎಂದು ಗೋಡೆಯವರೆಗೂ ಸುಮ್ಮನಿರುತ್ತಿತ್ತು. ಆಕೆ ಕೋಟಿನ ಕೆಂಪು ಗುಂಡಿಯನ್ನು ಒಂದು ಕ್ಷಣ ಬಿಗಿಯಾಗಿ ಹಿಡಿದು, ಬಿಟ್ಟು, ಸಾಲನ್ನು ತಿದ್ದಿ, ಎಂಬತ್ತನೆಯದನ್ನು ಓದತೊಡಗಿದರು. ಅವನು ಮುಂದಿನ ಪ್ರತಿ ಸಾಲಿಗೂ ಬೆರಳಿಟ್ಟೇ “ಸರಿ” ಎಂದ.

ಐದೂಕಾಲಿಗೆ ಬಸ್ಸು ಗೋಡೆಗೆ ಎರಡು ಮಾರು ಮೊದಲೇ ತಾನಾಗಿ ನಿಂತಿತು. ಅತಿಥಿಗಳು ಬಸ್ಸಿಗೆ ಚಪ್ಪಾಳೆ ತಟ್ಟಿದರು. ಮಗಳ ಈಜು ಮುಗಿದು ಹೋಗಿತ್ತು. ಕೆಲಸ ಹೋಯಿತೆಂದೇ ತಿಳಿದು ಚಾಲಕ ಆಕೆಯ ಮೇಜಿನ ಬಳಿ ನಿಂತ. ಆಕೆ ದಿನಚರಿ ಪುಸ್ತಕವನ್ನು ಅವನತ್ತ ತಿರುಗಿಸಿದರು. ಅಚ್ಚುಕಟ್ಟಾದ ಅಕ್ಷರಗಳಲ್ಲಿ ಮೂರು ಸಾಲು: ತಪ್ಪು ತುಂಬಿದ್ದು ನಾನು. ನೋಡದೆ ಸರಿ ಅಂದದ್ದು ಚಾಲಕರು. ನಿಲ್ಲಿಸಿದ್ದು ಚಾಲಕರು.

ಅವನು ಆ ಸಾಲುಗಳನ್ನು ಬೆರಳಿಟ್ಟು ಕೆಳಗಿನಿಂದ ಮೇಲಕ್ಕೆ ಓದಿದ. “ಸರಿ,” ಎಂದ.

ಇಂಥವರನ್ನು ನಾವು ಸಂಶಯಪಿಶಾಚಿಗಳೆಂದು ಆಡಿಕೊಳ್ಳುತ್ತೇವೆ. ಅವರ ಸಂಶಯವೆಲ್ಲ ತಮ್ಮ ಮೇಲೆಯೇ. ನಮ್ಮ ಮೇಲಿರುವುದು ನಂಬಿಕೆ. ತಮ್ಮ ಕಣ್ಣು ಸಾಲದೆಂದು ಒಪ್ಪಿಕೊಂಡು ಪಕ್ಕದವರ ಕಣ್ಣನ್ನು ಕೇಳುವವರು ಅವರು. ಕೇಳಿದಾಗ ನಾವು ಹಾಳೆಯನ್ನು ನೋಡಬೇಕು, ಗಡಿಯಾರವನ್ನಲ್ಲ.